ಪಂಚಾಯ್ತಿಗೆ ಬಂದ ಫೈಬರ್ ಮನೆಗೆ ಯಾಕೆ ಬರಲಿಲ್ಲ?

"ಭಾರತ್‌ನೆಟ್ ಫೈಬರ್ ನಮ್ಮ ಪಂಚಾಯ್ತಿಗೆ ಬಂದು ಎಷ್ಟೋ ವರ್ಷ ಆಯ್ತು, ಊರಲ್ಲಿ ಇನ್ನೂ ನೆಟ್ ಯಾಕಿಲ್ಲ?" ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಬಂದಿದ್ದು ಪಂಚಾಯ್ತಿಗೆ, ಊರಿಗಲ್ಲ. ಭಾರತ್‌ನೆಟ್ ಅಂದರೆ ಹಳ್ಳಿಗಳತ್ತ ಇಂಟರ್ನೆಟ್ ಕೇಬಲ್ ಒಯ್ಯುವ ಕೇಂದ್ರ ಸರ್ಕಾರದ ಯೋಜನೆ. 2011ರಲ್ಲಿ ಒಪ್ಪಿಗೆ ಸಿಕ್ಕಾಗ ಅದರ ಗುರಿ ಇದ್ದದ್ದೇ ಸುಮಾರು 2.5 ಲಕ್ಷ ಗ್ರಾಮ ಪಂಚಾಯ್ತಿಗಳವರೆಗೆ ಕೇಬಲ್ ಎಳೆಯುವುದು. ಅಲ್ಲಿಂದ ಮನೆಗೆ ತರುವ ಕೆಲಸವನ್ನು ಬೇರೆಯವರಿಗೆ ಬಿಟ್ಟರು. ಆ ಬೇರೆಯವರು ಬಹಳ ಕಡೆ ಬರಲೇ ಇಲ್ಲ.

"ಹಾಗಾದ್ರೆ ಒಂದು ಟವರ್ ಹಾಕಿಸಿ" ಅನ್ನಬೇಡಿ. ಟವರಿಗೂ ಡೇಟಾ ತಂದುಕೊಡಲು ಬೆನ್ನಿಗೆ ಫೈಬರೋ ಮೈಕ್ರೋವೇವ್ ಕೊಂಡಿಯೋ ಬೇಕು. ಅದು ಸೊರಗಿದ್ದರೆ ಫೋನಿನಲ್ಲಿ ನಾಲ್ಕು ಕಡ್ಡಿ ಇದ್ದರೂ ವಿಡಿಯೊ ಸುತ್ತುತ್ತಲೇ ಇರುತ್ತದೆ.

ಮೊದಲು ಪಂಚಾಯ್ತಿ ಕಚೇರಿಯ ಒಎನ್‌ಟಿ ಪೆಟ್ಟಿಗೆ, ಅಂದರೆ ಫೈಬರಿನ ಬೆಳಕನ್ನು ನೆಟ್ ಆಗಿಸುವ ಪೆಟ್ಟಿಗೆ, ನೋಡಿ. ಪವರ್ ದೀಪ ಆರಿದ್ದರೆ ಕರೆಂಟು, ಇಲ್ಲವೇ ಸತ್ತ ಬ್ಯಾಟರಿ. ಎಲ್‌ಒಎಸ್ (LOS) ದೀಪ ಕೆಂಪಗೆ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಪಾನ್ (PON) ದೀಪ ಹಸಿರಾಗಿ ನಿಂತಿದ್ದೂ ನೆಟ್ ಇಲ್ಲವೆಂದರೆ ತೊಂದರೆ ಜಾಲದ ಮೇಲಿನ ಹಂತದ್ದು, ಕೇಬಲ್ಲಿನದಲ್ಲ.

ಕೆಂಪು ದೀಪದ ಕಥೆಯೇ ಹೆಚ್ಚು. ತಾಲ್ಲೂಕಿನ ಓಎಲ್‌ಟಿಯಿಂದ (ಬೆಳಕು ಕಳಿಸುವ ಯಂತ್ರ) ಹೊರಟ ಬೆಳಕು ದಾರಿಯಲ್ಲಿ ಕಳೆದುಕೊಳ್ಳಬಹುದಾದದ್ದು ಸಾಮಾನ್ಯವಾಗಿ ಹೆಚ್ಚೆಂದರೆ 28 ಡೆಸಿಬೆಲ್, ಅದು ಬೆಳಕಿನ ನಷ್ಟದ ಅಳತೆ. ಒಂದು ಎಳೆಯ ಬೆಳಕನ್ನು ಎಂಟಕ್ಕೆ ಹಂಚುವ 1:8 ಸ್ಪ್ಲಿಟರ್ ಸುಮಾರು 10.5 ತಿನ್ನುತ್ತದೆ, 15 ಕಿಲೋಮೀಟರ್ ಫೈಬರ್ ಸುಮಾರು 5. ಉಳಿದದ್ದು ಧಾರಾಳ ಅನಿಸುತ್ತದೆ. ಆದರೆ ರಸ್ತೆ ಅಗಲಿಸಲು, ನೀರಿನ ಪೈಪ್ ಹಾಕಲು ಜೆಸಿಬಿ ಬಂದಾಗೆಲ್ಲ ಕೇಬಲ್ ಕಡಿಯುತ್ತದೆ. ಎಳೆಗಳನ್ನು ಕರಗಿಸಿ ಬೆಸೆಯುವ ಫ್ಯೂಷನ್ ಸ್ಪ್ಲೈಸರ್‌ನಲ್ಲಿ ಶುಚಿಯಾಗಿ ಬೆಸೆದರೆ ನಷ್ಟ 0.1 ಡೆಸಿಬೆಲ್ ಒಳಗೆ. ತುದಿ ಒರೆಸದೆ ಬೆಸೆದು, ಎಳೆಯನ್ನು ಮುರಿದಂತೆ ಬಗ್ಗಿಸಿ ಕ್ಲೋಷರಿಗೆ (ಜೋಡಣೆ ಮುಚ್ಚಿಡುವ ಡಬ್ಬಿ) ತುರುಕಿದರೆ ಒಂದೇ ಕಡೆ ಎರಡು ಮೂರು ಡೆಸಿಬೆಲ್ ಹೋಗುತ್ತದೆ. ಮುಚ್ಚಳ ಬಿಗಿಯದಿದ್ದರೆ ಮಳೆಗಾಲದಲ್ಲಿ ನೀರು. ಇಂಥ ನಾಲ್ಕೈದು ಜೋಡಣೆ ಆದಮೇಲೆ ನೆಟ್ ಬಂದು ಬಂದು ಹೋಗುತ್ತದೆ.

ಆದ್ದರಿಂದ ಕೇಳಬೇಕಾದದ್ದು "ಫೈಬರ್ ಬಂತಾ" ಎಂದಲ್ಲ, "ಕಡಿದದ್ದನ್ನು ಯಾರು, ಎಷ್ಟು ಗಂಟೆಯೊಳಗೆ ಜೋಡಿಸಬೇಕು" ಎಂದು. ಹಳೆಯ ಜಾಲ ಒಂದೇ ದಾರಿಯದು, ಒಂದು ಕಡೆ ಕಡಿದರೆ ಮುಂದಿನವೆಲ್ಲ ಕತ್ತಲು. 2023ರ ತಿದ್ದುಪಡಿ ಯೋಜನೆ ಉಂಗುರದ ಜಾಲ ಹೇಳುತ್ತದೆ, ಇನ್ನೊಂದು ಬದಿಯಿಂದ ಬೆಳಕು ಬರಲೆಂದು. ಆಗಲೇಬೇಕಾಗಿದ್ದ ಬದಲಾವಣೆ.

ಮನೆಮನೆಗೆ ಎಳೆ ಬರುವವರೆಗೆ ಕಿರಾಣಿ ಅಂಗಡಿಯೇ ವೈಫೈ ಮಾರಬಹುದು. 2020ರ ಸಾರ್ವಜನಿಕ ವೈಫೈ ಯೋಜನೆ ಪಿಎಂ-ವಾಣಿಯಲ್ಲಿ ಅಂಗಡಿಯವರಿಗೆ ಪಿಡಿಒ (ಪಬ್ಲಿಕ್ ಡೇಟಾ ಆಫೀಸ್) ಎಂದು ಹೆಸರು, ನಿಮ್ಮ ಪಂಚಾಯ್ತಿ ಪಿಡಿಒ ಅಲ್ಲ. ಲೈಸೆನ್ಸ್ ಬೇಡ, ಶುಲ್ಕವೂ ಇಲ್ಲ. ಇವರಿಗೆ ದುಬಾರಿ ಲೀಸ್ಡ್ ಲೈನ್ (ಒಬ್ಬರಿಗೇ ಮೀಸಲಾದ ಸಂಪರ್ಕ) ಹೊರಿಸುತ್ತಿದ್ದದ್ದೇ ದೊಡ್ಡ ಅನ್ಯಾಯ. 200 ಎಂಬಿಪಿಎಸ್‌ವರೆಗಿನ ಮನೆ ಬಳಕೆಯ ಫೈಬರ್ ಪ್ಲಾನನ್ನೇ, ಅದರ ಎರಡು ಪಟ್ಟು ಮೀರದ ದರಕ್ಕೆ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2025ರಲ್ಲಿ ಹೇಳಿತು. ವಾಣಿಗೆ ಹೊಂದುವ ಆಕ್ಸೆಸ್ ಪಾಯಿಂಟನ್ನು, ಅಂದರೆ ವೈಫೈ ಬೀರುವ ಸಾಧನವನ್ನು, ಅಂಗಡಿಯೊಳಗೆ ಇಡಬೇಡಿ, ಸೂರಿನ ಹೊರಗೆ ಎತ್ತರಕ್ಕೆ ಕಟ್ಟಿ. ಅಂಗಡಿಯ ಫೈಬರ್ ಪೆಟ್ಟಿಗೆಗೂ ಅದಕ್ಕೂ ಸೇರಿ ಒಂದು ಸಣ್ಣ ಯುಪಿಎಸ್ ಇರಲಿ. ಇಲ್ಲದಿದ್ದರೆ ಸಂಜೆ ಕರೆಂಟು ಹೋದಾಗ, ಮಕ್ಕಳು ಓದಲು ಕೂರುವ ಹೊತ್ತಿಗೇ, ನೆಟ್ಟೂ ಹೋಗಿರುತ್ತದೆ.