ಏಪ್ರಿಲ್ 23: ರಜೆಯಿಲ್ಲದ ರಾಜ್ಯೋತ್ಸವ

ಊರಿನ ಮನೆಯಲ್ಲಿ ಹಳೆಯ ಪವನಿನ ಸರ ಇದ್ದರೆ ಅದರ ಒಂದು ನಾಣ್ಯವನ್ನು ತಿರುಗಿಸಿ ನೋಡಿ. ಒಂದು ಮಗ್ಗುಲಲ್ಲಿ ರಾಜನೋ ರಾಣಿಯೋ ಇರುತ್ತಾರೆ. ಇನ್ನೊಂದು ಮಗ್ಗುಲಲ್ಲಿ ಕುದುರೆ ಏರಿ, ಕಾಲಡಿಯ ಡ್ರ್ಯಾಗನ್ ಮೇಲೆ ಎರಗುತ್ತಿರುವ ಸವಾರ ಕಂಡರೆ ಅವನೇ ಸಂತ ಜಾರ್ಜ್. ಲಕ್ಷ್ಮಿ ಕಂಡರೆ ಅದು ಅಕ್ಕಸಾಲಿಗರ ಕೈಯದು. ಗುರಾಣಿ ಕಂಡರೆ ವಿಕ್ಟೋರಿಯಾ ಕಾಲದ ಬೇರೊಂದು ಅಚ್ಚು. ಸವಾರನ ಚಿತ್ರವನ್ನು 1817ರಲ್ಲಿ ಮೊದಲು ಕೆತ್ತಿದವನು ಪಿಸ್ತ್ರುಚ್ಚಿ ಎಂಬ ಇಟಲಿಯವನು. 1918ರಲ್ಲಿ ಮುಂಬಯಿಯ ಟಂಕಸಾಲೆಯಲ್ಲೂ ಇದೇ ಅಚ್ಚಿನ ಸವರನ್‌ಗಳು ತಯಾರಾದವು. ನಾವು ಎಂಟು ಗ್ರಾಂ ಚಿನ್ನಕ್ಕೆ ಪವನು, ಸವರನ್ ಎನ್ನುವುದು ಈ ನಾಣ್ಯದ 7.98 ಗ್ರಾಂ ತೂಕದಿಂದಲೇ ಬಂದದ್ದು.

ಆ ಸವಾರ ಇಂಗ್ಲೆಂಡಿನ ರಕ್ಷಕ ಸಂತ. ಏಪ್ರಿಲ್ 23 ಅವನ ದಿನ. ಕರ್ನಾಟಕದಿಂದ ಇಂಗ್ಲೆಂಡಿಗೆ ಹೊಸದಾಗಿ ಬಂದವರು ನವೆಂಬರ್ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬೀದಿಗಿಳಿದರೆ ನಿರಾಸೆ ಖಂಡಿತ. ಮೆರವಣಿಗೆಯಿಲ್ಲ, ಆಟೋ ನಿಲ್ದಾಣದ ಆರ್ಕೆಸ್ಟ್ರಾ ಇಲ್ಲ, ರಜೆಯಂತೂ ಇಲ್ಲವೇ ಇಲ್ಲ. ಸಂತ ಆಂಡ್ರ್ಯೂನ ನವೆಂಬರ್ 30 ಸ್ಕಾಟ್ಲೆಂಡಿನ ಬ್ಯಾಂಕ್ ಹಾಲಿಡೇ, ಅಂದರೆ ಸಾರ್ವಜನಿಕ ರಜೆಗಳ ಪಟ್ಟಿಯಲ್ಲಿದೆ, ಸಂತ ಪ್ಯಾಟ್ರಿಕ್‌ನ ಮಾರ್ಚ್ 17 ಉತ್ತರ ಐರ್ಲೆಂಡಿನ ಪಟ್ಟಿಯಲ್ಲಿದೆ. ಇಂಗ್ಲೆಂಡ್, ವೇಲ್ಸ್ ಮಾತ್ರ ತಮ್ಮ ಸಂತರ ದಿನ ಕೆಲಸಕ್ಕೆ ಹೋಗುತ್ತವೆ. ನಾಲ್ಕೂ ಸಂತರ ದಿನಕ್ಕೆ ರಜೆ ಕೊಡುತ್ತೇವೆಂದು 2017ರ ಚುನಾವಣೆಯಲ್ಲಿ ಲೇಬರ್ ಪಕ್ಷ ಹೇಳಿತ್ತು. ಪಕ್ಷ ಸೋತಿತು, ರಜೆಯೂ ಹೋಯಿತು.

ದಿನಾಂಕದಲ್ಲೂ ಒಂದು ತೊಡಕಿದೆ. ಏಪ್ರಿಲ್ 23 ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದಿಂದ ಈಸ್ಟರ್ ನಂತರದ ಭಾನುವಾರದವರೆಗಿನ ಅವಧಿಯಲ್ಲಿ ಬಿದ್ದರೆ, ಚರ್ಚ್ ಆಫ್ ಇಂಗ್ಲೆಂಡ್ ಹಬ್ಬವನ್ನು ಆ ಭಾನುವಾರದ ಮಾರನೆಯ ಸೋಮವಾರಕ್ಕೆ ಸರಿಸುತ್ತದೆ. 2025ರಲ್ಲಿ ಹೀಗೆ ಏಪ್ರಿಲ್ 28ಕ್ಕೆ ಹೋಯಿತು, 2028ರಲ್ಲಿ 24ಕ್ಕೆ ಹೋಗುತ್ತದೆ. ಪಬ್ಬು, ಶಾಲೆ, ಪುರಸಭೆಗಳು ಈ ಪಂಚಾಂಗಕ್ಕೆ ತಲೆಕೆಡಿಸಿಕೊಳ್ಳದೆ 23ನ್ನೇ ಹಿಡಿಯುತ್ತವೆ. ಚರ್ಚಿನ ಪ್ರಾರ್ಥನೆಗೆ ಹೋಗುವ ಮನಸ್ಸಿದ್ದರೆ ಅದರ ಫಲಕವನ್ನೇ ನೋಡಿಕೊಳ್ಳಬೇಕು.

ಇಷ್ಟಕ್ಕೂ ಜಾರ್ಜ್ ಇಂಗ್ಲೆಂಡಿಗೆ ಕಾಲಿಟ್ಟವನೇ ಅಲ್ಲ. ಪರಂಪರೆಯ ಪ್ರಕಾರ ಅವನ ಬೇರು ಇಂದಿನ ಟರ್ಕಿಯ ಕಪ್ಪಡೋಕಿಯ, ಪ್ಯಾಲೆಸ್ಟೈನಿನ ಲಿಡ್ಡಾ. ರೋಮನ್ ಸೈನಿಕನಾಗಿದ್ದು, 303ರ ಸುಮಾರಿಗೆ ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದಲ್ಲಿ ಹುತಾತ್ಮನಾದನಂತೆ. ಡ್ರ್ಯಾಗನ್ ಕತೆ ಸೇರಿಕೊಂಡದ್ದು ಎಷ್ಟೋ ಶತಮಾನಗಳ ಮೇಲೆ, ಅದೂ ನಡೆಯುವುದು ಲಿಬಿಯಾದಲ್ಲಿ. ಇಂಗ್ಲೆಂಡಿಗೆ ಮೊದಲು ಎಡ್ಮಂಡ್ ಎಂಬ ಸ್ವಂತ ನೆಲದ ರಾಜಸಂತನೇ ಇದ್ದ. ಮೂರನೆಯ ಎಡ್ವರ್ಡ್ 1348ರಲ್ಲಿ ಗಾರ್ಟರ್ ಎಂಬ ನೈಟ್ ಪದವಿ ಸ್ಥಾಪಿಸಿ ಜಾರ್ಜ್‌ನನ್ನು ಅದರ ರಕ್ಷಕನಾಗಿಸಿದ ಮೇಲೆ ಎಡ್ಮಂಡ್ ಹಿಂದೆ ಸರಿದ. ಯುದ್ಧಕ್ಕೆ ಹೊರಟ ರಾಜರಿಗೆ ಕುದುರೆ ಸವಾರನೇ ಒಪ್ಪುವ ದೇವರು. ನಮ್ಮ ಕಡೆಗೂ ಈ ಹೆಸರು ಹಡಗು ಹತ್ತಿ ಬಂದಿದೆ: ಮದರಾಸಿನ ಕೋಟೆ 1644ರ ಏಪ್ರಿಲ್ 23ಕ್ಕೆ ಒಂದು ಹಂತ ಮುಗಿದದ್ದರಿಂದ ಸೇಂಟ್ ಜಾರ್ಜ್ ಕೋಟೆಯಾಯಿತು.

ಊರಿನವರು ಇಂಗ್ಲಿಷ್, ಬ್ರಿಟಿಷ್ ಎರಡನ್ನೂ ಒಂದೇ ಎಂದು ಬಳಸುತ್ತಾರೆ. ಇಲ್ಲಿ ಆ ವ್ಯತ್ಯಾಸ ಗೊತ್ತಿಲ್ಲದೆ ಈ ದಿನ ಅರ್ಥವಾಗುವುದಿಲ್ಲ. ಪೌರತ್ವ ಸಿಗುವುದು ಬ್ರಿಟನ್ನಿನದು. ಇಂಗ್ಲಿಷ್ ಪೌರತ್ವ ಎಂಬುದೇ ಇಲ್ಲ. ಸ್ಕಾಟ್ಲೆಂಡಿಗೆ ತನ್ನದೇ ಸಂಸತ್ತಿದೆ, ಇಂಗ್ಲೆಂಡಿಗಿಲ್ಲ. ಇಂಗ್ಲೆಂಡ್ ಫುಟ್‌ಬಾಲ್ ತಂಡ ಹಾಡುವುದು ಇಡೀ ಬ್ರಿಟನ್ನಿನ ಗೀತೆಯನ್ನು. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಾತ್ರ 2010ರಿಂದ ಬ್ಲೇಕ್ ಕವಿಯ ‘ಜೆರುಸಲೇಂ’ ಕೇಳಿಸುತ್ತದೆ. ಈ ಗುರುತು ಎಷ್ಟು ಸಡಿಲವೆಂದರೆ, ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿಯಲ್ಲಿ ಶೇ. 57.7 ಜನ ‘ಇಂಗ್ಲಿಷ್ ಮಾತ್ರ’ ಎಂದು ಗುರುತು ಹಾಕಿದ್ದರು. 2021ರಲ್ಲಿ ಅದು ಶೇ. 14.9ಕ್ಕೆ ಕುಸಿಯಿತು. ಅಭಿಮಾನ ಆವಿಯಾಗಿ ಹೋಯಿತೆಂದಲ್ಲ. ನಮೂನೆಯಲ್ಲಿ ‘ಬ್ರಿಟಿಷ್’ ಎಂಬ ಚೌಕ ಮೇಲಕ್ಕೆ ಬಂದದ್ದು ಅದಕ್ಕೊಂದು ಮುಖ್ಯ ಕಾರಣ.

ಬಿಳಿಯ ಮೇಲೆ ಕೆಂಪು ಶಿಲುಬೆಯ ಬಾವುಟದ ಕತೆಯೂ ಹೀಗೇ ಓಲಾಡಿದೆ. 1966ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಬೆಂಬಲಿಗರು ಬೀಸಿದ್ದು ಹೆಚ್ಚಾಗಿ ಇಡೀ ಬ್ರಿಟನ್ನಿನ ಬಾವುಟವಾದ ಯೂನಿಯನ್ ಜ್ಯಾಕ್. ಶಿಲುಬೆ ಬಾವುಟ ಗ್ಯಾಲರಿ ತುಂಬಿದ್ದು 1996ರ ಯೂರೋ ಕಪ್ಪಿನಲ್ಲಿ. ನಡುವಿನ ದಶಕಗಳಲ್ಲಿ ವಲಸಿಗರ ವಿರೋಧಿ ಗುಂಪುಗಳು ದೇಶದ ಬಾವುಟಗಳನ್ನು ತಮ್ಮ ಮೆರವಣಿಗೆಗೆ ಎಳೆದುಕೊಂಡಿದ್ದರಿಂದ, ಅದನ್ನು ಕಂಡರೆ ಮುದುಡುವ ಹಿರಿಯ ಭಾರತೀಯರು ಈಗಲೂ ಇದ್ದಾರೆ. 2025ರ ಬೇಸಿಗೆಯಲ್ಲಿ ಊರೂರಿನ ದೀಪದ ಕಂಬಗಳಿಗೆ ಬಾವುಟ ಕಟ್ಟಿ, ಪುಟ್ಟ ವೃತ್ತಗಳಿಗೆ ಕೆಂಪು ಶಿಲುಬೆ ಬಳಿದಾಗ ಆ ಚರ್ಚೆ ಮತ್ತೆ ಎದ್ದಿತು. ಕಟ್ಟಿದವರು ಅಭಿಮಾನ ಎಂದರು, ಕೆಳಗೆ ನಡೆದುಹೋಗುವ ಹಲವರಿಗೆ ಅದು ಎಚ್ಚರಿಕೆಯಂತೆ ಕಂಡಿತು. ಬಾವುಟವೊಂದನ್ನೇ ನೋಡಿ ತೀರ್ಪು ಕೊಡಬೇಡಿ, ಅದು ಎಲ್ಲಿದೆ ನೋಡಿ. ಚರ್ಚಿನ ಗೋಪುರದ ಮೇಲಿರುವುದು ಹಬ್ಬ. ಪಬ್ಬಿನ ಕಿಟಕಿಯದು ಬಹುಮಟ್ಟಿಗೆ ಫುಟ್‌ಬಾಲ್, ಇಲ್ಲವೇ ವ್ಯಾಪಾರ. ಘೋಷಣೆ ಕೂಗುವ ಗುಂಪಿನ ಕೈಯಲ್ಲಿದ್ದರೆ ಆಚೆ ಬೀದಿಯಿಂದ ಹೋಗುವುದು ಹೇಡಿತನವೇನಲ್ಲ.

ಕನ್ನಡದ ಮನೆಗಳು ಈ ದಿನವನ್ನು ಹತ್ತಿರದಿಂದ ಕಾಣುವುದು ಹೆಚ್ಚಾಗಿ ಮಕ್ಕಳ ಮೂಲಕ. ಜಾರ್ಜ್ ಸ್ಕೌಟ್‌ಗಳ ಸಂತನೂ ಹೌದು. ಹತ್ತಿರದ ಭಾನುವಾರ ಬೀವರ್, ಕಬ್, ಸ್ಕೌಟ್ ಮಕ್ಕಳು ಸಾಲಾಗಿ ನಡೆದು, ಬಹಳ ಕಡೆ ಚರ್ಚಿನಲ್ಲಿ, ತಮ್ಮ ಪ್ರತಿಜ್ಞೆಯನ್ನು ಮತ್ತೆ ಹೇಳುತ್ತಾರೆ. ‘ದೇವರಿಗೂ ರಾಜನಿಗೂ’ ಎಂಬ ಮಾತು ಕೇಳಿ ಅಪ್ಪ ಅಮ್ಮ ಗಾಬರಿಯಾಗುವುದುಂಟು, ಆದರೆ ಅದಕ್ಕೆ ದಾರಿ ಇದೆ. ‘ದೇವರು’ ಎಂಬಲ್ಲಿ ಹಿಂದೂ ಮಕ್ಕಳು ‘ನನ್ನ ಧರ್ಮ’ ಎನ್ನಬಹುದು, ನಂಬಿಕೆಯಿಲ್ಲದವರಿಗೆ ಸ್ಕೌಟ್ ಮೌಲ್ಯಗಳ ಹೆಸರಿನ ಪ್ರತಿಜ್ಞೆಯಿದೆ, ಭಾರತದ ಪಾಸ್‌ಪೋರ್ಟ್ ಇರುವ ಮಗು ರಾಜನ ಬದಲು ‘ನಾನೀಗ ವಾಸಿಸುವ ದೇಶ’ ಎನ್ನಬಹುದು. ಇದನ್ನು ಎರಡು ವಾರ ಮುಂಚೆ ಲೀಡರ್‌ಗೆ ತಿಳಿಸಿ. ಆ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿದರೆ ಮಗು ಗಲಿಬಿಲಿಯಾಗುತ್ತದೆ. ಬಿಸಿಲು ಕಂಡಿತೆಂದು ಸಮವಸ್ತ್ರದ ಒಳಗೆ ಬೆಚ್ಚನೆಯ ಬನಿಯನ್ ಹಾಕದೆ ಕಳಿಸಬೇಡಿ. ಏಪ್ರಿಲ್ ಬಿಸಿಲು ಇಲ್ಲಿ ನೋಡುವುದಕ್ಕೆ ಮಾತ್ರ.

ಲಂಡನ್ನಿನಲ್ಲಿ ಜನ ಸೇರುವುದು ಟ್ರಫಾಲ್ಗರ್ ಚೌಕದಲ್ಲಿ, ಸಾಮಾನ್ಯವಾಗಿ ಹತ್ತಿರದ ವಾರಾಂತ್ಯದಲ್ಲಿ. ಊರ ಕಡೆ ಮಾರಿಸ್ ನೃತ್ಯ ಸಿಗುತ್ತದೆ: ಆರು ಜನ ಎರಡು ಸಾಲಾಗಿ, ಮೊಣಕಾಲ ಕೆಳಗೆ ಗೆಜ್ಜೆ, ಕೈಯಲ್ಲಿ ಕರವಸ್ತ್ರ ಇಲ್ಲವೇ ಕೋಲು. ನಮ್ಮ ಕೋಲಾಟ ಕಂಡವರಿಗೆ ತಾಳ ಸ್ವಲ್ಪ ಜಡ ಅನ್ನಿಸೀತು. ಮಮ್ಮರ್ಸ್ ಎಂಬ ಬೀದಿ ನಾಟಕದಲ್ಲಿ ಜಾರ್ಜ್ ಕತ್ತಿ ಬೀಸುತ್ತಾನೆ, ಒಬ್ಬ ಸಾಯುತ್ತಾನೆ, ಬಾಯಿಬಡುಕ ವೈದ್ಯನೊಬ್ಬ ಸೀಸೆಯ ಔಷಧ ಹನಿಸಿ ಎಬ್ಬಿಸುತ್ತಾನೆ. ನಗು ಪೂರ್ತಿ ವೈದ್ಯನ ಪಾಲಿಗೆ, ಯಕ್ಷಗಾನದ ಹಾಸ್ಯಗಾರನ ಹಾಗೆ. ಕಾರಿದ್ದವರು ಆಕ್ಸ್‌ಫರ್ಡ್‌ಷೈರಿನ ಅಫಿಂಗ್ಟನ್‌ಗೆ ಹೋಗಲಿ. ಸುಣ್ಣಕಲ್ಲಿನ ಬಿಳಿ ಕುದುರೆಯ ಕೆಳಗಿನ ಚಪ್ಪಟೆ ತಲೆಯ ದಿಬ್ಬವೇ ಡ್ರ್ಯಾಗನ್ ಹಿಲ್. ಡ್ರ್ಯಾಗನ್ನಿನ ರಕ್ತ ಬಿದ್ದ ಜಾಗದಲ್ಲಿ ಹುಲ್ಲು ಬೆಳೆಯುವುದಿಲ್ಲವೆಂದು ಅಲ್ಲಿಯ ಬೋಳು ನೆಲವನ್ನು ತೋರಿಸುತ್ತಾರೆ.

ಕನ್ನಡಿಗರು ನೋಡಲೇಬೇಕಾದ್ದು ಟ್ರಫಾಲ್ಗರ್ ಚೌಕದಿಂದ ಉತ್ತರಕ್ಕೆ ಅರ್ಧ ಗಂಟೆ ನಡೆದರೆ ಸಿಗುವ ಗಾರ್ಡನ್ ಚೌಕ. ಅಲ್ಲಿ ನೂರ್ ಇನಾಯತ್ ಖಾನ್ ಅವರ ಪ್ರತಿಮೆಯಿದೆ, 2012ರಲ್ಲಿ ಅನಾವರಣಗೊಂಡದ್ದು. ಟಿಪ್ಪು ಸುಲ್ತಾನನ ವಂಶದ ಈ ಹೆಣ್ಣುಮಗಳು ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ ಪ್ಯಾರಿಸ್ಸಿನಿಂದ ಗುಪ್ತ ರೇಡಿಯೊ ಸಂದೇಶ ಕಳಿಸುತ್ತಿದ್ದರು. 1944ರಲ್ಲಿ ನಾಜಿಗಳು ಡಕಾವು ಶಿಬಿರದಲ್ಲಿ ಅವರನ್ನು ಕೊಂದರು. 1949ರಲ್ಲಿ ಅವರಿಗೆ ಮರಣೋತ್ತರವಾಗಿ ಸಂದದ್ದು ಜಾರ್ಜ್ ಕ್ರಾಸ್ ಪದಕ. ಪದಕಕ್ಕೆ ಆರನೆಯ ಜಾರ್ಜ್ ರಾಜನ ಹೆಸರು, ಆದರೆ ನಡುವೆ ಕೆತ್ತಿರುವುದು ನಮ್ಮ ಪವನಿನ ಅದೇ ಸವಾರನನ್ನು.

ಇನ್ನು ಊಟ. ಪಬ್ಬುಗಳು ಈ ದಿನ ರೋಸ್ಟ್ ಬೀಫ್ ಜೊತೆ ಯಾರ್ಕ್‌ಷೈರ್ ಪುಡ್ಡಿಂಗ್ ಮುಂದಿಡುತ್ತವೆ. ಹೆಸರು ಪುಡ್ಡಿಂಗ್ ಆದರೂ ಸಿಹಿಯಲ್ಲ, ಉಬ್ಬಿದ ಪೊಳ್ಳು ರೊಟ್ಟಿ. ಗೋಮಾಂಸ ತಿನ್ನದವರು ಬೀಫ್ ಬೇಡ ಎಂದರಷ್ಟೇ ಸಾಲದು, ಪುಡ್ಡಿಂಗನ್ನು ಯಾವ ಕೊಬ್ಬಿನಲ್ಲಿ ಬೇಯಿಸಿದ್ದೀರಿ ಎಂದೂ ಕೇಳಬೇಕು. ಸಂಪ್ರದಾಯದ ಪ್ರಕಾರ ಅದು ದನದ ಕೊಬ್ಬು. ಯಾರ್ಕ್‌ಷೈರ್ ಕಡೆಯ ಅನೇಕ ಅಂಗಡಿಗಳಲ್ಲಿ ಆಲೂ ಚಿಪ್ಸ್ ಕರಿಯುವುದೂ ಅದರಲ್ಲೇ.

ಮೊಟ್ಟೆ ತಿನ್ನುವವರು ಮನೆಯಲ್ಲೇ ಮಾಡಿಕೊಳ್ಳಬಹುದು. ಮೈದಾ 140 ಗ್ರಾಂ, ಮೊಟ್ಟೆ 4, ಹಾಲು 200 ಮಿಲಿಲೀಟರ್, ಚಿಟಿಕೆ ಉಪ್ಪು. ಮೈದಾಕ್ಕೆ ಮೊದಲು ಮೊಟ್ಟೆ ಸೇರಿಸಿ ಗಂಟಿಲ್ಲದಂತೆ ಕಲಸಿ, ಆಮೇಲೆ ಹಾಲನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ಹಿಟ್ಟು ನೀರುದೋಸೆಯದಕ್ಕಿಂತ ತುಸು ಗಟ್ಟಿ ಇರಲಿ. ಅರ್ಧ ಗಂಟೆ ಬಿಡಿ. 12 ಗುಳಿಯ ಮಫಿನ್ ತಟ್ಟೆಯ ಒಂದೊಂದು ಗುಳಿಗೂ ಒಂದು ಚಮಚ ಸೂರ್ಯಕಾಂತಿ ಎಣ್ಣೆ ಹಾಕಿ, 230 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಹತ್ತು ನಿಮಿಷ ಕಾಯಿಸಿ. ಹಿಟ್ಟು ಬಿದ್ದ ಕೂಡಲೇ ಚೊಯ್ಯೆನ್ನಬೇಕು. 20ರಿಂದ 25 ನಿಮಿಷ ಬೇಯಬೇಕು. ಮೊದಲ 20 ನಿಮಿಷ ಬಾಗಿಲು ತೆಗೆಯಲೇಬಾರದು. ಒಳಗಿನ ಹಬೆಯೇ ಅದನ್ನು ಎತ್ತಿ ಹಿಡಿದಿರುತ್ತದೆ, ಗೋಡೆ ಗಟ್ಟಿಯಾಗುವ ಮೊದಲು ತಣ್ಣನೆ ಗಾಳಿ ತಗುಲಿದರೆ ಕುಸಿದು ಇಡ್ಲಿಯಾಗುತ್ತದೆ. ಎಣ್ಣೆ ಸರಿಯಾಗಿ ಕಾಯದಿದ್ದರೆ ಉಬ್ಬುವುದೇ ಇಲ್ಲ, ತಳಕ್ಕೂ ಹಿಡಿಯುತ್ತದೆ. ಎಣ್ಣೆಯ ಬದಲು ತುಪ್ಪ ಚೆನ್ನಾಗಿ ನಡೆಯುತ್ತದೆ, ಬೆಣ್ಣೆ ಸೀಯುತ್ತದೆ. ಬಿಸಿ ಗುಳಿಗೆ ಈರುಳ್ಳಿ ಗ್ರೇವಿ ಸುರಿಯುವುದು ಇಲ್ಲಿಯ ಪದ್ಧತಿ. ನಿನ್ನೆಯ ಬದನೆಕಾಯಿ ಎಣ್ಣೆಗಾಯಿ ಇದ್ದರೆ ಅದಕ್ಕಿಂತ ಒಳ್ಳೆಯದಾಗುತ್ತದೆ.

ಮನೆಗೆ ಬಾವುಟ ಹಾಕುವ ಆಸೆಯಿದ್ದರೆ ಸ್ವಂತ ಜಾಗದಲ್ಲಿ ಕೌನ್ಸಿಲ್ಲಿನ ಅನುಮತಿ ಬೇಡ, ಆದರೆ ಬಾವುಟ ಸುಸ್ಥಿತಿಯಲ್ಲಿರಬೇಕು, ರಸ್ತೆಯ ಫಲಕ ಮರೆಯಾಗಬಾರದು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬೇಕು. ಫ್ಲ್ಯಾಟ್ ಆದರೆ ಲೀಸ್ ಓದಿ. ಬಾಲ್ಕನಿಯಲ್ಲಿ ಏನನ್ನೂ ತೂಗುಹಾಕಬಾರದೆಂಬ ಷರತ್ತು ಎಷ್ಟೋ ಕಡೆ ಇರುತ್ತದೆ. ದೀಪದ ಕಂಬ ರಸ್ತೆ ಪ್ರಾಧಿಕಾರದ್ದು, ಅದಕ್ಕೆ ಕಟ್ಟಲು ಅವರ ಒಪ್ಪಿಗೆ ಬೇಕು. ಸಾಮಾನ್ಯ ಅಳತೆ 150ಕ್ಕೆ 90 ಸೆಂಟಿಮೀಟರ್. ಶಿಲುಬೆಯ ಪಟ್ಟಿ ಎತ್ತರದ ಐದನೆಯ ಒಂದು ಭಾಗ, ಅಂದರೆ 18 ಸೆಂಟಿಮೀಟರ್. ಯೂನಿಯನ್ ಜ್ಯಾಕ್ ತಲೆಕೆಳಗಾಗುವ ಅಪಾಯವಿದೆ, ಕಂಬದ ಕಡೆ ಮೇಲ್ಭಾಗದ ಓರೆಪಟ್ಟಿಯಲ್ಲಿ ಅಗಲದ ಬಿಳಿ ಮೇಲಿರಬೇಕು. ಶಿಲುಬೆ ಬಾವುಟಕ್ಕೆ ಆ ಕಾಟವಿಲ್ಲ, ಹೇಗೆ ಕಟ್ಟಿದರೂ ಒಂದೇ. ಅಗ್ಗದ ಪಾಲಿಯೆಸ್ಟರ್ ಆದರೆ ಗಾಳಿಗೆ ಹಾರುವ ತುದಿ ಮೊದಲು ಬಿಚ್ಚಿಕೊಳ್ಳುತ್ತದೆ. ತಂದ ದಿನವೇ ಅಲ್ಲಿ ಇನ್ನೊಂದು ಸಾಲು ಹೊಲಿಗೆ ಹಾಕಿಸಿ. 24ರ ಬೆಳಿಗ್ಗೆ ಇಳಿಸಿದಾಗ ಅದು ಒದ್ದೆಯಾಗಿಯೇ ಇರುತ್ತದೆ. ಹಾಗೇ ಮಡಚಿಟ್ಟರೆ ಕೆಂಪು ಬಿಳಿಗೆ ಇಳಿಯುತ್ತದೆ, ಬೂಷ್ಟೂ ಹಿಡಿಯುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ ಮಡಚಿ, ಕೈಗೆ ಸಿಗುವಲ್ಲೇ ಇಡಿ. ಫುಟ್‌ಬಾಲ್ ಕಪ್ ಇರುವ ವರ್ಷವಾದರೆ ಜೂನ್‌ನಲ್ಲಿ ಮತ್ತೆ ತೆಗೆಯಬೇಕಾಗುತ್ತದೆ.