ಬೀರು ಸರಿಸಿದ ಮೇಲೆ ಕಂಡ ಗೋಡೆ

ಹಳೇ ಮನೆ ಕೊಳ್ಳುವಾಗ ಸಾಮಾನೆಲ್ಲ ಖಾಲಿಯಾದ ಮೇಲೆ ಒಂದು ಸಲ ಹೋಗಿ ನೋಡಲೇಬೇಕು. ನಾವು ಅದಕ್ಕೂ ಮುಂಚೆ ಮೂರು ಸಲ ಹೋಗಿದ್ದೆವು, ಮೂರು ಸಲವೂ ನೋಡಿದ್ದು ಬೆಳಕು, ಗಾಳಿ, ದೊಡ್ಡ ಕಿಟಕಿ. ನಾಲ್ಕನೇ ಸಲ ಹೋದಾಗ ನೋಂದಣಿಗೆ 4 ದಿನ ಬಾಕಿ. ಮಲಗುವ ಕೋಣೆಯಲ್ಲಿ ಬೀರು ಇದ್ದ ಜಾಗದಲ್ಲಿ ಗೋಡೆ ಮೊದಲ ಸಲ ಕಂಡಿತು.

ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. ಹೆಬ್ಬೆರಳಿನಿಂದ ಸುಮ್ನೆ ಒತ್ತಿದೆ, ಗಾರೆ ಪುರಪುರ ಅಂತ ಉದುರಿತು. ಅಂಗೈ ತುಂಬ ಬಿಳಿ ಪುಡಿ. ಅದು ಉಪ್ಪು. ಇಟ್ಟಿಗೆ, ಗಾರೆಯೊಳಗಿನ ಉಪ್ಪನ್ನು ನೀರು ಕರಗಿಸಿಕೊಂಡು ಹೊರಗೆ ತರುತ್ತದೆ, ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಅಷ್ಟೊಂದು ಕೂತಿದೆ ಅಂದರೆ ಇದು ನಿನ್ನೆ ಮೊನ್ನೆಯ ಕಥೆಯಲ್ಲ, ಅಲ್ವಾ?

"ಅಯ್ಯೋ, ಅದೇನಿಲ್ಲ, ಸ್ವಲ್ಪ ಥಂಡಿ. ಒಂದು ಕೋಟ್ ಬಣ್ಣ ಹೊಡೆಸಿದರೆ ಹೋಗುತ್ತೆ" ಅಂದರು ಮಾರುವವರು.

ಮಾರನೇ ದಿನ ಪರಿಚಯದ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋದೆವು. ಅವರು ಮೊದಲು ನೋಡಿದ್ದು ಕಲೆಯ ಆಕಾರ. ನೆಲದಿಂದ ಏರುವ ಥಂಡಿ ಸಾಮಾನ್ಯವಾಗಿ 1 ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದಂತೆ, ಗೋಡೆಯುದ್ದಕ್ಕೂ ಪಟ್ಟಿ ಎಳೆದ ಹಾಗೆ. ಮೇಲಿನಿಂದ ಸೋರಿದರೆ ಸೂರಿನ ಹತ್ತಿರ ಕಲೆ ಜಾಸ್ತಿ. ಇಲ್ಲಿ ಎರಡೂ ಇಲ್ಲ, ಎದೆಮಟ್ಟದಲ್ಲಿ ದುಂಡಗೆ ಒಂದು ಕಲೆ. "ಗೋಡೆ ಆಚೆ ಏನಿದೆ?" ಅಂತ ಕೇಳಿದರು. ಬಚ್ಚಲು.

ಮನೆಯ ನಲ್ಲಿಗಳನ್ನೆಲ್ಲ ಬಂದ್ ಮಾಡಿಸಿ ಹೊರಗೆ ನೀರಿನ ಮೀಟರ್ ಹತ್ತಿರ ಕರೆದುಕೊಂಡು ಹೋದರು. ನಾವು ಮೂವರೂ ಬಗ್ಗಿ ನೋಡುತ್ತಾ ನಿಂತೆವು. ಅದರೊಳಗಿನ ಪುಟ್ಟ ಚಕ್ರ ನಿಧಾನಕ್ಕೆ ತಿರುಗುತ್ತಲೇ ಇತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಬಚ್ಚಲ ಬಾಗಿಲಿನ ಚೌಕಟ್ಟಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಅರ್ಧ ಇಂಚು ಸಲೀಸಾಗಿ ಇಳಿಯಿತು. ಗೆದ್ದಲು. ತೇವ ಇದ್ದಲ್ಲಿ ಅವು ಬರದೇ ಇರುತ್ತವೆಯೇ? ಗೋಡೆಗಳಲ್ಲಿ ಅಲ್ಲಲ್ಲಿ ಕೂದಲೆಳೆಯ ಬಿರುಕುಗಳಿದ್ದವು, ಅವಕ್ಕೆ ಮೇಸ್ತ್ರಿ ತಲೆ ಕೆಡಿಸಿಕೊಳ್ಳಲಿಲ್ಲ.

ನಿಜ ಹೇಳಬೇಕೆಂದರೆ ಆ ರಾತ್ರಿ ನನಗೆ ಆ ಮನೆಯೇ ಬೇಡ ಅನ್ನಿಸಿತ್ತು. "ಸೋರುವ ಪೈಪಿಗೆ ಮನೆ ಬಿಡಬೇಡಿ, ಪೂರ್ತಿ ದುಡ್ಡು ಕೊಟ್ಟು ಮಾತ್ರ ತಗೋಬೇಡಿ" ಅಂದಳು ಹೆಂಡತಿ. ಇದನ್ನು ನಾನೇ ಹೇಳಿದ್ದೆ ಅಂತ ಈಗ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೇನೆ, ಅದು ಬೇರೆ ವಿಷಯ.

ಮಾರುವವರು ತಾವೇ ರಿಪೇರಿ ಮಾಡಿಸಿಕೊಡ್ತೀವಿ ಅಂದರು. ಒಪ್ಪಲಿಲ್ಲ. ಅವರಿಗೆ ಬೇಕಿರುವುದು ನೋಂದಣಿ ದಿನದವರೆಗೆ ಕಲೆ ಕಾಣದಿರುವುದು, ನಮಗೆ ಬೇಕಿರುವುದು ನೀರು ನಿಲ್ಲುವುದು. ಆ ದುಡ್ಡನ್ನೇ ಬೆಲೆಯಲ್ಲಿ ಕಳೆಯಿರಿ, ಕೆಲಸ ನಾವು ಮಾಡಿಸಿಕೊಳ್ತೀವಿ ಅಂದೆವು. ಇಬ್ಬರ ಹತ್ತಿರ ಎಸ್ಟಿಮೇಟ್ ಬರೆಸಿದೆವು, ಬರೀ ಪೈಪಿಗಲ್ಲ, ಟೈಲ್ಸ್ ಒಡೆದು ಮತ್ತೆ ಕೂರಿಸುವುದು, ಹೊಸ ಚೌಕಟ್ಟು, ಗೆದ್ದಲಿನ ಔಷಧಿ ಎಲ್ಲ ಸೇರಿಸಿ. ನೋಂದಣಿ ಮೂರು ವಾರ ಮುಂದಕ್ಕೆ ಹೋಯಿತು. ಅವರು ಮೊದಲು ಸಿಟ್ಟಾದರು, ಆಮೇಲೆ ಅರ್ಧ ಅಂದರು, ಕೊನೆಗೆ ಮುಕ್ಕಾಲಿಗೆ ಬಂದರು. ನಾವೂ ಅಲ್ಲಿಗೆ ಬಿಟ್ಟೆವು. ಹೊಸ ಕರಾರು ಪತ್ರದಲ್ಲಿ ಎಲ್ಲ ಬರೆಸಿದ ಮೇಲೆಯೇ ಸಹಿ.

ಮನೆ ನಮ್ಮದಾಗಿ ಎರಡು ತಿಂಗಳಾಯಿತು. ಆ ಗೋಡೆಗೆ ಇನ್ನೂ ಬಣ್ಣ ಹೊಡೆದಿಲ್ಲ. ನೆನೆದ ಗೋಡೆ ಆರಲು ಇಂಚು ದಪ್ಪಕ್ಕೆ ಒಂದು ತಿಂಗಳು ಅನ್ನುವ ಲೆಕ್ಕವಿದೆ, ನಮ್ಮದು 9 ಇಂಚಿನ ಗೋಡೆ. ಕೆಲಸ ಶುರುವಾದ ದಿನ ಮೇಸ್ತ್ರಿ ಟೈಲ್ಸ್ ಒಡೆದು ನನ್ನನ್ನು ಕೂಗಿದರು. ತುಕ್ಕು ಹಿಡಿದ ಕಬ್ಬಿಣದ ಪೈಪು, ತಿರುವಿನಲ್ಲಿ ಸೂಜಿ ಗಾತ್ರದ ತೂತು. ಆ ತೂತಿನ ಮೇಲೆ ಯಾರೋ ಯಾವತ್ತೋ ಸೈಕಲ್ ಟ್ಯೂಬಿನ ತುಂಡು ಸುತ್ತಿ, ತಂತಿ ಬಿಗಿದು, ಮೇಲೆ ಟೈಲ್ಸ್ ಅಂಟಿಸಿದ್ದರು.