ಹಲಗೆ ಸೀಳಿದ ಮೇಲೆ

ಸ್ಯಾಂಪಲ್ ಮೇಜಿನ ಹಲಗೆ ಎಸಿ ರೂಮಿನಲ್ಲಿ ಕೆಲವು ವಾರ ಇದ್ದದ್ದೇ ತಡ, ಉದ್ದಕ್ಕೂ ಸೀಳಿತು. ಮೀಟಿಂಗ್‌ನಲ್ಲಿ ಎಲ್ಲರೂ ತಪ್ಪನ್ನು ಮರದ ತಲೆಗೇ ಕಟ್ಟಿದರು. "ಮರ ಸರಿಯಾಗಿ ಒಣಗಿರಲಿಲ್ಲ" ಅಂದರು ಇಂಜಿನಿಯರ್. "ಪ್ಲೈವುಡ್ ಹಾಕಿದ್ರೆ ಈ ತಲೆನೋವೇ ಇಲ್ಲ, ಖರ್ಚೂ ಕಮ್ಮಿ" ಅಂದರು ಅಕೌಂಟ್ಸ್‌ನವರು. ಡಿಸೈನ್ ನನ್ನ ಕೆಲಸ. ಗಟ್ಟಿ ಮರ ಬಿಡೋಕೆ ನನಗೆ ಮನಸ್ಸಿಲ್ಲ. ಮೇಜನ್ನು ಹಾಗೇ ಎತ್ತಿಸಿಕೊಂಡು, ಹಲಗೆ ಮಾಡಿಕೊಟ್ಟ ಆಚಾರ್ರ ಹತ್ತಿರ ಮೂವರೂ ಹೋದೆವು.

ಆಚಾರ್ರು ಸೀಳಿನ ಕಡೆ ಹೆಚ್ಚು ನೋಡಲಿಲ್ಲ. ಮೇಜನ್ನು ಮಗುಚಿ ಹಾಕಿಸಿದರು. ಕೆಳಗೆ ಕಬ್ಬಿಣದ ಫ್ರೇಮ್, ಎರಡೂ ಪಕ್ಕದಲ್ಲಿ ಬಿಗಿಯಾಗಿ ಕೂತ ಸ್ಕ್ರೂಗಳು. ಒಂದರ ಮೇಲೆ ಬೆರಳಿಟ್ಟು, "ಹಿಂಗೆ ಕಟ್ಟಿಹಾಕಿದ್ರೆ ಮರ ಕುಗ್ಗೋಕೆ ಜಾಗ ಎಲ್ಲಿದೆ ಸಾರ್?" ಅಂದರು.

ಹಲಗೆಯ ತುದಿ ಕತ್ತರಿಸಿದ ಕಡೆ ಉಂಗುರಗಳು ಕಾಣುತ್ತವಲ್ಲ, ಅದನ್ನು ತೋರಿಸಿದರು. ಮರ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬರುವುದಿಲ್ಲ. ಅಗಲಕ್ಕೆ ಕುಗ್ಗುತ್ತದೆ. ಅದರಲ್ಲೂ ಉಂಗುರದ ಸುತ್ತಿನ ದಿಕ್ಕಿನಲ್ಲಿ, ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಇಂಜಿನಿಯರ್ ಫೋನ್ ತೆಗೆದು ಲೆಕ್ಕ ಹಾಕಿದರು. 500 ಮಿ.ಮೀ. ಅಗಲದ ಹಲಗೆಯಲ್ಲಿ ಎಸಿಯ ಒಣ ಗಾಳಿಗೆ ತೇವ ಶೇ. 12ರಿಂದ 8ಕ್ಕೆ ಇಳಿದರೆ, ಎಷ್ಟೋ ಜಾತಿಯ ಮರಗಳಲ್ಲಿ ನಾಲ್ಕೈದು ಮಿ.ಮೀ. ಹೋಗಿಬಿಡುತ್ತದೆ. ಸ್ಕ್ರೂ ಬಿಡುವುದಿಲ್ಲ, ಕಬ್ಬಿಣ ಬಗ್ಗುವುದಿಲ್ಲ. ಇನ್ನೇನಾಗಬೇಕು? ಅವರು ಫೋನ್ ಜೇಬಿಗೆ ಹಾಕಿಕೊಂಡು ಸುಮ್ಮನೆ ಸ್ಟೂಲ್ ಎಳೆದು ಕೂತರು. ಆ ಮೇಲೆ ಮಾತೆಲ್ಲ ಬೇರೆ ಥರ ನಡೆಯಿತು.

ಸ್ಕ್ರೂ ಬೇಡ ಅನ್ನುವ ಹಾಗೂ ಇರಲಿಲ್ಲ. ಮೇಜು ಬಿಚ್ಚಿ ಚಪ್ಪಟೆಯಾಗಿ ಸಾಗಿಸಿದರೆ ಮಾತ್ರ ಸಾಗಣೆ ಖರ್ಚು ಗಿಟ್ಟುತ್ತದೆ. ಇದು ಹೊಸ ಜಾಣತನವೇನಲ್ಲ. ಥೋನೆಟ್ ಕಂಪನಿಯ 1859ರ ಬಗ್ಗಿಸಿದ ಮರದ ಕುರ್ಚಿ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್‌ನದ್ದು. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಗೆ 36 ಕುರ್ಚಿ. ಇದನ್ನು ಹೇಳಿದಾಗ ಅಕೌಂಟ್ಸ್‌ನವರ ಮುಖ ಅರಳಿತು. ಆದರೆ ನನಗೆ ಅದರಲ್ಲಿ ಇಷ್ಟವಾಗುವುದು ಪೆಟ್ಟಿಗೆಯ ಲೆಕ್ಕವಲ್ಲ. ಆವಿಯಲ್ಲಿ ಬೆಂದ ಮರವನ್ನು ಒತ್ತಿದರೆ ಒಳಗೊಳಗೇ ಕುಗ್ಗಿಕೊಳ್ಳುತ್ತದೆ, ಎಳೆದರೆ ಮಾತ್ರ ಸೀಳಿಬಿಡುತ್ತದೆ. ಅದಕ್ಕೇ ಬಗ್ಗಿಸುವಾಗ ಹೊರಮೈ ಎಳೆದುಕೊಳ್ಳದ ಹಾಗೆ ಅದಕ್ಕೆ ಲೋಹದ ಪಟ್ಟಿ ಬಿಗಿಯುತ್ತಿದ್ದರು. ಮರದ ಗುಣ ಗೊತ್ತಿಲ್ಲದೆ ಆ ಪಟ್ಟಿಯ ಉಪಾಯ ಹೊಳೆಯುವ ಹಾಗಿಲ್ಲ.

ಹಳೇ ಪದ್ಧತಿಯಲ್ಲಾದರೆ ಆಚಾರ್ರು ಹಲಗೆಯ ಕೆಳಗೆ ಗಾಡಿ, ಅಂದರೆ ಕಾಲುವೆಯಂಥ ಕಚ್ಚು, ತೆಗೆದು ಅದರಲ್ಲಿ ಅಡ್ಡಪಟ್ಟಿ ಜಾರಿಸಿ ಕೂರಿಸುತ್ತಾರೆ. ಅಂಟು ಹಾಕುವುದಿಲ್ಲ. ಹಲಗೆ ಹಿಗ್ಗಿದರೂ ಕುಗ್ಗಿದರೂ ಪಟ್ಟಿಯ ಮೇಲೆ ಜರುಗಿಕೊಳ್ಳುತ್ತದೆ. ಒಂದು ಮಾಡಿ ತೋರಿಸಿದರು. ಉಳಿ ಹಿಡಿದ ಕೈ ಆತುರಪಡುವುದಿಲ್ಲ. ಪಟ್ಟಿ ಕೈಯಲ್ಲಿ ಒತ್ತಿದರೆ ಹೋಗಬೇಕು, ಮೇಜು ಎತ್ತಿದರೆ ಬೀಳಬಾರದು. ಅಷ್ಟು ಹದ. ನೋಡೋಕೆ ಚೆಂದ, ಆದರೆ ಸಮಯ ತಿನ್ನುವ ಕೆಲಸ.

ಮುಗಿಸಿ, ಕೈ ಒರೆಸಿಕೊಂಡು ಅವರೇ ಹೇಳಿದರು: "ನಿಮ್ಮ ಮೇಜಿಗೆ ಇದು ಬೇಕಾಗಿಲ್ಲ. ಕಬ್ಬಿಣದಲ್ಲೇ ಗುಂಡು ತೂತಿನ ಬದಲು ಉದ್ದ ತೂತು ಹಾಕಿಸಿ, ಹಲಗೆ ಅಗಲದ ದಿಕ್ಕಿಗೆ. ಅಗಲ ವಾಷರ್ ಹಾಕಿ. ಮಧ್ಯದ ಸ್ಕ್ರೂ ಮಾತ್ರ ಬಿಗಿ ಇರಲಿ." ಫ್ರೇಮ್ ಲೇಸರ್‌ನಲ್ಲಿ ಕತ್ತರಿಸುವುದರಿಂದ ಗುಂಡು ತೂತಿಗೂ ಉದ್ದ ತೂತಿಗೂ ಖರ್ಚಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಪ್ಲೈವುಡ್ ಮಾತು ಅಲ್ಲಿಗೇ ನಿಂತಿತು.

ನನಗೆ ಕಸಿವಿಸಿಯಾದದ್ದು ವಾಪಸ್ ಬಂದ ಮೇಲೆ. ಆಚಾರ್ರಿಗೆ ನಾವು ಕೊಡುವುದು ಪೀಸ್ ಲೆಕ್ಕದ ಕೂಲಿ. ಅಡ್ಡಪಟ್ಟಿ ಬೇಡ ಅಂದರೆ ಪ್ರತಿ ಮೇಜಿನಲ್ಲೂ ಅವರ ಕೆಲಸ ಕಮ್ಮಿ, ಕೂಲಿಯೂ ಕಮ್ಮಿ. ನಮಗೆ ಉಳಿಸಿಕೊಟ್ಟ ಮಾತಿನಿಂದ ನಷ್ಟ ಅವರೊಬ್ಬರಿಗೇ. ಖರ್ಚಿನ ಶೀಟ್‌ನಲ್ಲಿ ಮರ, ಕಬ್ಬಿಣ, ಪಾಲಿಶ್, ಸಾಗಣೆ ಎಲ್ಲಕ್ಕೂ ಒಂದೊಂದು ಸಾಲಿದೆ. ಇಂಥ ಸಲಹೆಗಿಲ್ಲ. "ಯಾವ ಹೆಸರಲ್ಲಿ ಹಾಕೋದು?" ಅಂತ ಅಕೌಂಟ್ಸ್‌ನವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಾನು ಪ್ರತಿ ಮೇಜಿಗೂ ಇಷ್ಟು ಅಂತ ಆಚಾರ್ರಿಗೆ ಕೊಡೋಣ ಅಂದೆ. ಫೋನ್ ಮಾಡಿದರೆ ಆಚಾರ್ರೇ ಒಪ್ಪಲಿಲ್ಲ.

"ಮೇಜು ಮಾರಾಟ ಆಗತ್ತೋ ಇಲ್ವೋ, ನನಗೇನು ಗೊತ್ತು? ಸ್ಯಾಂಪಲ್ ಮಾಡೋ ದಿನಕ್ಕೆ ದಿನಗೂಲಿ ಕೊಡಿ. ಅರ್ಧ ದಿನ ಮಾತಾಡ್ತಾ ಕೂತ್ರೂ ಅದು ಕೆಲಸವೇ ಅಲ್ವಾ?"

ಶೀಟ್‌ನಲ್ಲಿ ಈಗ ಆ ಸಾಲು ಬಂದಿದೆ. ಹೊಸ ಐಟಂಗೆ ಗರಿಷ್ಠ ಎಷ್ಟು ದಿನ ಅನ್ನುವ ಚೌಕಾಸಿ ಮಾತ್ರ ಇನ್ನೂ ಮುಗಿದಿಲ್ಲ.